ಸೆಕೆಂಡಿಗೆ ಮೂವತ್ತೊಂದು ಚಿತ್ರ

ಹಂಪನಕಟ್ಟೆಯ ನನ್ನ ಅಂಗಡಿ ತೆರೆಯುವುದು ಬೆಳಿಗ್ಗೆ ಒಂಬತ್ತೂವರೆಗೆ. ಒಂಬತ್ತು ಇಪ್ಪತ್ತಕ್ಕೆ ಶಟರ್ ಎತ್ತುತ್ತೇನೆ, ಬೆಂಚು ಒರೆಸುತ್ತೇನೆ, ಸ್ಕ್ರೂಡ್ರೈವರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಡುತ್ತೇನೆ. ಆ ಶನಿವಾರ ನಾನು ಕುರ್ಚಿಯಲ್ಲಿ ಕೂರುವುದಕ್ಕೂ ಆಕೆ ಮೆಟ್ಟಿಲು ಹತ್ತಿ ಒಳಗೆ ಬರುವುದಕ್ಕೂ ಸರಿಹೋಯಿತು. ಸಮಯಕ್ಕೆ ಬರುವವರನ್ನು ಕಂಡರೆ ನನಗೆ ಗೌರವ.

"ಅಂಕಲ್, ಲ್ಯಾಪ್‌ಟಾಪ್ ಸ್ಪೀಡ್ ಆಗ್ಬೇಕಿತ್ತು."

"ಎಂತ ಕೆಲಸಕ್ಕೆ?"

ಎಲ್ಲರಿಗೂ ನಾನು ಕೇಳುವ ಮೊದಲ ಪ್ರಶ್ನೆ ಅದೇ. ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಆಕೆಗೆ ಗೊತ್ತಿತ್ತು. ವಯಸ್ಸು ಮೂವತ್ತರ ಆಸುಪಾಸು. ಮದುವೆಗೆ ಮುಂಚೆ ಇಂಟೀರಿಯರ್ ಡಿಸೈನ್ ಕಲಿತವಳು. ಗಂಡ ಗಲ್ಫಿನಲ್ಲಿ. ಗಂಡನ ಮನೆಯವರದ್ದು ಬಂದರಿನಲ್ಲಿ ಹಳೆಯ ಬಟ್ಟೆ ಅಂಗಡಿ. ಅದನ್ನು ಕೆಡವಿ ಎರಡು ಮಹಡಿಯ ಮದುವೆ ಬಟ್ಟೆಯ ಮಳಿಗೆ ಕಟ್ಟಿಸುತ್ತಿದ್ದರು. ಒಳಗಿನ ವಿನ್ಯಾಸವನ್ನು ತಾನೇ ಮಾಡುತ್ತೇನೆಂದು ಈಕೆ ಹೇಳಿ, ನಾಲ್ಕು ತಿಂಗಳು ಕೂತು ಕಂಪ್ಯೂಟರಿನಲ್ಲಿ ಇಡೀ ಮಳಿಗೆಯನ್ನು ಕಟ್ಟಿದ್ದಳು. ಪರದೆಯ ಮೇಲೆ ಬಾಗಿಲಿನಿಂದ ಒಳಗೆ ಹೋಗಿ, ಕಪಾಟುಗಳ ನಡುವೆ ನಡೆದು, ಎಲ್ಲವನ್ನೂ ತಿರುಗಿ ನೋಡಬಹುದು.

"ಬರುವ ಶುಕ್ರವಾರ ಜುಮಾ ನಮಾಜ್ ಆದ ಮೇಲೆ ಮಾವ ಮತ್ತೆ ಅವರ ಇಬ್ಬರು ತಮ್ಮಂದಿರು ನೋಡ್ತಾರೆ. ಒಂದೇ ಚಾನ್ಸ್. ಆಗದಿದ್ರೆ ಕೊಚ್ಚಿಯ ಕಂಪನಿಗೆ ಕೊಡುದು ಅಂತ ಆಗಿದೆ."

"ಅವರಿಗೆ ನಿಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಉಂಟು ಅಂಕಲ್. ನನ್ನ ಬಿರಿಯಾನಿಯ ಮೇಲೆ." ಆಕೆ ನಕ್ಕಳು.

ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಗಂಡ ರಜೆಗೆ ಬರುವಾಗ ಅಲ್ಲಿಂದ ತಂದದ್ದು. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಅರಬಿ ಅಕ್ಷರ. ಕಡಿಮೆ ಬೆಲೆಯ ಮಾದರಿ. ಚಿತ್ರ ಬಿಡಿಸುವುದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನ ಒಳಗೇ ಇರುವ ಸಣ್ಣ ಭಾಗ ಆ ಕೆಲಸ ಮಾಡಬೇಕು. ಅವಳ ಮಳಿಗೆ ಪರದೆಯ ಮೇಲೆ ಕುಂಟುತ್ತಾ ಬಂತು. ಆದರೆ ಆಕೆ ಕುಂಟುವುದನ್ನು ನೋಡುತ್ತಿರಲಿಲ್ಲ, ಮಳಿಗೆಯನ್ನು ನೋಡುತ್ತಿದ್ದಳು.

"ಇದು ನೋಡಿ, ಲೇಡೀಸ್ ಸೆಕ್ಷನ್ ಕೆಳಗೆ ಇಟ್ಟಿದ್ದೇನೆ. ಎಲ್ಲರೂ ಮೇಲೆ ಇಡುದು. ನಮ್ಮಲ್ಲಿ ಮದುವೆಗೆ ಬಟ್ಟೆ ತೆಗೀಲಿಕ್ಕೆ ಅಜ್ಜಿಯಂದಿರು ಬಾರದೆ ಆಗ್ತದಾ? ಅವರು ಹತ್ತುದು ಹೇಗೆ? ಪಕ್ಕದ ಗಲ್ಲಿಯಿಂದ ಬೇರೆ ಬಾಗಿಲು ಕೊಟ್ಟಿದ್ದೇನೆ. ಮೆಟ್ಟಿಲೇ ಇಲ್ಲ."

ನಕ್ಷೆಯ ಮೇಲೆ ಹೇಳಿದರೆ ಗಂಡಸರಿಗೆ ಇದು ತಲೆಗೆ ಹೋಗುವುದಿಲ್ಲ, ಆ ಬಾಗಿಲಿನಿಂದ ಅವರನ್ನು ನಡೆಸಿಕೊಂಡೇ ಹೋಗಬೇಕು ಎಂದಳು. ನನಗೆ ಸರಿ ಎನಿಸಿತು. ಯಂತ್ರವನ್ನು ತೆಗೆದುಕೊಂಡೆ.

ಆಕೆ ಬ್ಯಾಗಿನಿಂದ ಚಾರ್ಜರ್ ತೆಗೆದು ಕೌಂಟರಿನ ಮೇಲಿಟ್ಟಳು. "ಅಂಕಲ್, ಈ ಚಾರ್ಜರ್..." ಎಂದು ಶುರುಮಾಡಿದಳು. ನಾನು ಮಾತು ಮುಗಿಯಲು ಬಿಡದೆ ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದೆ. ಚಾರ್ಜರ್, ಬ್ಯಾಗ್, ಮೌಸ್ ಸ್ವೀಕರಿಸುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಹಿಂದೊಮ್ಮೆ ಇಬ್ಬರ ಚಾರ್ಜರ್ ಅದಲುಬದಲಾಗಿ ಅಂಗಡಿಯಲ್ಲಿ ಗಲಾಟೆಯಾದ ಮೇಲೆ ನಾನೇ ಮಾಡಿದ ನಿಯಮ. ನನ್ನ ಬೆಂಚಿಗೆ ನನ್ನದೇ ಚಾರ್ಜರ್ ಇದೆ.

"ಬ್ಯಾಗಿಗೆ ಹಾಕಿ," ಎಂದೆ. ಆಕೆ ಹಾಕಿದಳು.

ಭಾನುವಾರ ನಾನು ಕೆಲಸ ಮಾಡುವುದಿಲ್ಲ. ಸೋಮವಾರ ಶುರುಮಾಡಿದೆ.

ಅಂಗಡಿ ಇಡುವ ಮೊದಲು ನಾನು ಕೆಲಸ ಮಾಡಿದ ಹಡಗಿನ ರೇಡಿಯೋ ಕೋಣೆಯಲ್ಲಿ ನನಗೆ ಕಲಿಸಿದ ಪದ್ಧತಿ ಒಂದೇ: ಮೊದಲು ಅಳತೆ, ಆಮೇಲೆ ಕೈ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ ಮೇಲೆ ಪುನಃ ಅಳತೆ. ಎಲ್ಲವೂ ಪುಸ್ತಕದಲ್ಲಿ ಬರೆದಿರಬೇಕು, ಪೆನ್ನಿನಲ್ಲಿ. ಅದರಂತೆ ಆಕೆಯ ಮಳಿಗೆಯಲ್ಲಿ ಒಂದು ದಾರಿ ಗೊತ್ತುಮಾಡಿಕೊಂಡೆ. ಗಲ್ಲಿಯ ಬಾಗಿಲಿನಿಂದ ಹೊರಟು, ಸೀರೆಯ ಕಪಾಟುಗಳನ್ನು ದಾಟಿ, ಕನ್ನಡಿಗಳ ಸಾಲಿನವರೆಗೆ. ನಲವತ್ತು ಸೆಕೆಂಡಿನ ನಡಿಗೆ. ಯಂತ್ರ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದನ್ನು ಎಣಿಸುವ ಒಂದು ಸಣ್ಣ ಪ್ರೋಗ್ರಾಂ ಇದೆ. ಇಪ್ಪತ್ತೈದು ದಾಟಿದರೆ ಕಣ್ಣಿಗೆ ನಡಿಗೆಯಂತೆ ಕಾಣುತ್ತದೆ. ಹತ್ತಕ್ಕಿಂತ ಕೆಳಗಿಳಿದರೆ ತಲೆನೋವು.

ಮೊದಲ ಅಳತೆ ಹನ್ನೆರಡು. ಮನೆಯಲ್ಲಿ ನಾಲ್ಕು, ಐದು ಬರುತ್ತದೆ ಎಂದು ಆಕೆ ಹೇಳಿದ್ದಳು. ಗ್ರಾಹಕರು ಕಷ್ಟವನ್ನು ಸ್ವಲ್ಪ ಹೆಚ್ಚಿಗೆ ಹೇಳುವುದು ಸಹಜ. ಹನ್ನೆರಡು ಎಂದು ಬರೆದುಕೊಂಡು ಮುಂದೆ ಹೋದೆ. ಅಲ್ಲಿ ನಿಲ್ಲಬೇಕಿತ್ತು.

ಗ್ರಾಫಿಕ್ಸನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ತುಂಬ ಹಳೆಯದಾಗಿತ್ತು. ಹೊಸತನ್ನು ಹಾಕಿದೆ. ಊಟ ಮಾಡಿ ಬರುವಷ್ಟರಲ್ಲಿ ವಿಂಡೋಸ್ ತನ್ನಷ್ಟಕ್ಕೆ ಹಳೆಯದನ್ನೇ ಪುನಃ ತಂದು ಕೂರಿಸಿತ್ತು. ಇಂಟರ್ನೆಟ್ ಕಡಿದು, ಹಳೆಯದನ್ನು ಬೇರುಸಮೇತ ತೆಗೆದು, ಹೊಸತನ್ನು ಹಾಕಿ, ಅದು ಪುನಃ ಬದಲಾಗದ ಹಾಗೆ ಮಾಡಿದೆ. ಹದಿನಾಲ್ಕು. ಒಂದು ದಿನಕ್ಕೆ ಎರಡು ಚಿತ್ರ ಗಳಿಸಿದಂತಾಯಿತು.

ಮಂಗಳವಾರ ತಳದ ಮುಚ್ಚಳ ತೆಗೆದೆ. ನಿರೀಕ್ಷಿಸಿದ್ದೇ ಆಗಿತ್ತು: RAM ಒಂದೇ, ಪಕ್ಕದ ಜಾಗ ಖಾಲಿ. ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಯಂತ್ರದ RAMನಿಂದಲೇ ಪಾಲು ಪಡೆಯಬೇಕು. ಒಂದೇ RAM ಇದ್ದರೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ. ಜೋಡಿ ಹಾಕಿದರೆ ಎರಡು ದಾರಿ. ಕಡಿಮೆ ಬೆಲೆಯ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ತಯಾರಕರಿಗೂ ಇದು ಗೊತ್ತು. ಗೊತ್ತಿದ್ದೇ ಒಂದು ಹಾಕಿ ಕಳಿಸುತ್ತಾರೆ.

ಎದುರಿನ ಪಾರ್ಟ್ಸ್ ಅಂಗಡಿಯವನ ಹತ್ತಿರ ಹೋದೆ. ಇಪ್ಪತ್ತು ವರ್ಷದ ಪರಿಚಯ. ನನ್ನನ್ನು ಕೆಣಕದೆ ಒಂದು ತಿರುಪೂ ಮಾರುವವನಲ್ಲ.

"ಎಂಚಿನ ಮಾರಾಯ್ರೆ, ಪುನಃ ಮುದಿ ಎತ್ತಿಗೆ ಹೊಸ ಕೊಂಬಾ? ಹೊಸ ಲ್ಯಾಪ್‌ಟಾಪ್ ತಗೊಳ್ಳಿಕ್ಕೆ ಹೇಳಿ ಅವರಿಗೆ, ನನ್ನದೂ ಹೊಟ್ಟೆ ಉಂಟಲ್ಲ."

"ನೀನು RAM ಕೊಡು. ಹೊಟ್ಟೆ ಆಮೇಲೆ ನೋಡುವ."

ಕೊಟ್ಟದ್ದು ಹೊಂದಲಿಲ್ಲ. ಹತ್ತು ನಿಮಿಷ ಓಡಿ ನೀಲಿ ಪರದೆ ಬಂತು. ಪುನಃ ಓಡಿಸಿದೆ, ಪುನಃ ಬಂತು. ತೆಗೆದು ನೋಡಿದರೆ ಚೀಟಿಯಲ್ಲಿ ಬರೆದ ವೇಗವೇ ಒಂದು, ಒಳಗಿನದ್ದೇ ಇನ್ನೊಂದು. ಹಿಂದಕ್ಕೆ ಕೊಟ್ಟೆ. ಸಂಜೆ ಅವನು ಮೂಲದ ಜೊತೆಗೆ ಸರಿಯಾಗಿ ಹೊಂದುವುದನ್ನು ಹುಡುಕಿ, ಮಾತಿಲ್ಲದೆ ತಂದಿಟ್ಟು ಹೋದ. ಅಳತೆ ಇಪ್ಪತ್ತೆರಡು. ನಾನು ಅಂಕೆಯ ಕೆಳಗೆ ಗೆರೆ ಎಳೆದೆ.

ಬುಧವಾರ ಮಧ್ಯಾಹ್ನದವರೆಗಿನ ಹೊತ್ತು ವ್ಯರ್ಥ. ಗ್ರಾಫಿಕ್ಸಿಗೆ ಮೀಸಲಿಡುವ ಮೆಮೊರಿಯನ್ನು ಹೆಚ್ಚಿಸಲು ಯಂತ್ರವನ್ನು ಮೊದಲು ಎಬ್ಬಿಸುವ BIOS ಒಳಗೆ ಹುಡುಕಿದೆ. ದುಬಾರಿ ಮಾದರಿಗಳಲ್ಲಿ ಅದಕ್ಕೆ ಒಂದು ಸಾಲು ಇರುತ್ತದೆ. ಇದರಲ್ಲಿ ತಯಾರಕರು ಆ ಸಾಲನ್ನೇ ಮುಚ್ಚಿಟ್ಟಿದ್ದರು. ಬೇರೆ ಯಾರೋ ತಿದ್ದಿದ BIOS ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅದನ್ನು ಹಾಕುವಾಗ ಹೆಚ್ಚುಕಡಿಮೆಯಾದರೆ ಯಂತ್ರ ಪುನಃ ಏಳುವುದಿಲ್ಲ. ಎರಡು ದಿನ ಉಳಿದಿರುವಾಗ ಅಂಥ ಕೆಲಸಕ್ಕೆ ಕೈ ಹಾಕಬಾರದು. ಬಿಟ್ಟೆ. ಮಧ್ಯಾಹ್ನ ಫ್ಯಾನ್ ಬಿಚ್ಚಿ ಧೂಳು ತೆಗೆದೆ, ಪ್ರೊಸೆಸರಿನ ಮೇಲೆ ಒಣಗಿ ಸೀಮೆಸುಣ್ಣದಂತಾಗಿದ್ದ ಪೇಸ್ಟ್ ಒರೆಸಿ ಹೊಸತು ಹಚ್ಚಿದೆ. ಸಂಖ್ಯೆ ಏರಲಿಲ್ಲ. ಆದರೆ ಮೊದಲು ಕಾಲು ಗಂಟೆಗೆ ಬಿಸಿಯಾಗಿ ಇಳಿಯುತ್ತಿದ್ದ ಯಂತ್ರ ಈಗ ಒಂದು ಗಂಟೆ ಓಡಿದರೂ ಇಪ್ಪತ್ತೆರಡರಲ್ಲೇ ನಿಂತಿತು.

ಗುರುವಾರ ಆಕೆಯನ್ನು ಕರೆಸಿದೆ. ಉಳಿದದ್ದು ಅವಳ ವಿನ್ಯಾಸದ ಒಳಗೆ ಮಾಡಬೇಕಾದ ಕೆಲಸ. ಮದುವೆ ಬಟ್ಟೆಯ ಮಳಿಗೆ ಎಂದ ಮೇಲೆ ಕನ್ನಡಿ ಇರಬೇಕು, ಹದಿನಾಲ್ಕು ಇಟ್ಟಿದ್ದಳು. ಒಂದೊಂದು ಕನ್ನಡಿಯೂ ಎದುರಿಗಿರುವ ಅಂಗಡಿಯನ್ನು ಪುನಃ ಬಿಡಿಸುವಂತೆ ಯಂತ್ರಕ್ಕೆ ಹೇಳುತ್ತದೆ.

"ಹನ್ನೊಂದು ಕನ್ನಡಿಯ ಪ್ರತಿಬಿಂಬ ತೆಗೀಬೇಕು."

"ಅಯ್ಯೋ ಅಂಕಲ್! ಕಣ್ಣು ಕಿತ್ತ ಹಾಗೆ ಆಗ್ತದೆ."

"ಮೂರು ಇರ್ತದೆ. ಮಾವ ನಿಲ್ಲುವ ಜಾಗದಲ್ಲಿ ಮೂರು ಇಡುವ."

ಒಪ್ಪಿದಳು. ದೂರದ ನೆರಳುಗಳನ್ನು ತೆಗೆದೆವು, ಪರದೆಯ ರೆಸಲ್ಯೂಶನ್ ಒಂದು ಹಂತ ಇಳಿಸಿದೆವು, ಪವರ್ ಮೋಡ್ ಮೇಲಿನದ್ದಕ್ಕೆ ಇಟ್ಟೆವು. ಸರಾಸರಿ ಮೂವತ್ತೊಂದು. ಆಕೆ ತನ್ನ ಬಾಗಿಲಿನಿಂದ ತನ್ನ ಮಳಿಗೆಯ ಒಳಗೆ ಹೋದಳು. ಎಲ್ಲಿಯೂ ತಡೆಯಲಿಲ್ಲ. ಮೂರು ಸಲ ಹೋಗಿ ಬಂದಳು.

ಪಾರ್ಟ್ಸ್ ಅಂಗಡಿಯವನೂ ಬಂದು ಬಾಗಿಲಲ್ಲಿ ನಿಂತು ನೋಡಿದ. "ಚಂದ ಉಂಟು. ಆದ್ರೂ ಒಂದು ವಿಡಿಯೋ ಮಾಡಿ ಇಟ್ಕೊಳ್ಳಿ ಮಾರಾಯ್ರೆ. ಸಿನಿಮಾದ ಹಾಗೆ ಬಿಟ್ರೆ ಎಂಥ ಡಬ್ಬದಲ್ಲಿಯೂ ಓಡ್ತದೆ."

ಆಕೆ ನನ್ನ ಮುಖ ನೋಡಿದಳು. "ಮಾಡುದಾ ಅಂಕಲ್? ಒಂದು ವೇಳೆಗೆ ಅಂತ."

ವಿಡಿಯೋ ತಯಾರಿಸಲು ಯಂತ್ರಕ್ಕೆ ನಾಲ್ಕೈದು ಗಂಟೆ ಬೇಕಿತ್ತು. ನಾನು ಸಂಜೆ ಆರಕ್ಕೆ ಅಂಗಡಿ ಮುಚ್ಚುತ್ತೇನೆ. ಅದಕ್ಕಿಂತಲೂ ಮುಖ್ಯವಾಗಿ, ಪುಸ್ತಕದಲ್ಲಿ ಮೂವತ್ತೊಂದು ಎಂದು ಬರೆದಿದ್ದೆ. ನಾಲ್ಕು ದಿನ ಅಳೆದು ಬರೆದ ಸಂಖ್ಯೆಯನ್ನು ನಾನೇ ನಂಬದೆ ಬದಲಿ ಏರ್ಪಾಡು ಮಾಡುವುದು ನನಗೆ ಅವಮಾನದಂತೆ ಕಂಡಿತು.

"ಬೇಡ," ಎಂದೆ. "ವಿಡಿಯೋ ಆದ್ರೆ ಅವರು ಆ ಕಡೆ ತಿರುಗಿಸು ಅಂದಾಗ ತಿರುಗಿಸ್ಲಿಕ್ಕೆ ಆಗುದಿಲ್ಲ. ಯಂತ್ರ ಸರಿ ಉಂಟು. ಧೈರ್ಯದಲ್ಲಿ ತೋರಿಸಿ."

ಆ ತೀರ್ಮಾನ ನನ್ನದು. ಆಕೆಯದ್ದಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅವರ ಮನೆಗೆ ಹೋದೆ. ಟಿವಿಗೆ ಜೋಡಿಸುವಾಗ ನಾನಿರಬೇಕೆಂದು ಆಕೆ ಕೇಳಿಕೊಂಡಿದ್ದಳು. ಚಾವಡಿಯಲ್ಲಿ ಮೂವರು ಹಿರಿಯರು ಬಿಳಿ ಬಟ್ಟೆಯಲ್ಲಿ ಕೂತಿದ್ದರು: ಹಜ್ ಮುಗಿಸಿ ಬಂದ ಮಾವ, ಅವರ ಪಕ್ಕ ದಪ್ಪ ಮೈಯ ನಡುವಿನ ತಮ್ಮ, ಬಾಗಿಲ ಬಳಿ ಕಿರಿಯವರು. ಮಾವನ ತೊಡೆಯ ಮೇಲೆ ಕೊಚ್ಚಿಯವರ ವಿನ್ಯಾಸಗಳ ಹೊಳಪಿನ ಪುಸ್ತಕ. ಆಕೆ ಮೊದಲೇ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಚಾರ್ಜಿಗೆ ಹಾಕಿದ್ದಳು. ವಯರು ಸೋಫಾದ ಹಿಂದಕ್ಕೆ ಹೋಗಿತ್ತು. ಬೆಳಿಗ್ಗೆ ಕೂತು ಅಭ್ಯಾಸ ಮಾಡಿದೆ, ನೀರಿನ ಹಾಗೆ ಹೋಯಿತು ಎಂದು ಪಿಸುಗುಟ್ಟಿದಳು. ನಾನು ಟಿವಿಯ ಕೇಬಲ್ ಸಿಕ್ಕಿಸಿದೆ.

ಗಲ್ಲಿಯ ಬಾಗಿಲು ಟಿವಿಯಲ್ಲಿ ತೆರೆಯಿತು. ಕಿರಿಯವರು ಮುಂದಕ್ಕೆ ಬಾಗಿದರು. "ಅರೆ, ನಮ್ಮದೇ ಗಲ್ಲಿ! ಆ ಲೈಟ್ ಕಂಬ ಸಹ ಉಂಟು ನೋಡಿ."

ಮಾವ ನಕ್ಕರು. ಆಕೆ ಅವರನ್ನು ಒಳಗೆ ಕರೆದುಕೊಂಡು ಹೋದಳು. ಅಜ್ಜಿಯಂದಿರು ಇಲ್ಲಿ ಕೂರಬಹುದು, ಇಲ್ಲಿ ನೀರು, ಇಲ್ಲಿ ಸೀರೆ. ನಾಲ್ಕು ನಿಮಿಷ ಹೀಗೆ ಹೋಯಿತು. ಮಾವ ಕೊಚ್ಚಿಯ ಪುಸ್ತಕವನ್ನು ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟದ್ದನ್ನು ನಾನು ಗಮನಿಸಿದೆ.

ಆಮೇಲೆ ಚಿತ್ರ ನಿಂತಿತು. ಒಂದು ಹೆಜ್ಜೆ ಹೋಯಿತು. ಪುನಃ ನಿಂತಿತು.

"ಇದೆಂತ," ನಡುವಿನವರು ಹೇಳಿದರು, "ಮೆಟ್ಟಿಲಿಲ್ಲದ ಅಂಗಡಿಗೂ ಉಬ್ಬಸ ಬಂತಾ?"

ಕಿರಿಯವರು ಜೋರಾಗಿ ನಕ್ಕರು. ಆಕೆಯೂ ನಗಲು ನೋಡಿದಳು. ನಾನು ಎದ್ದು ಹೋಗಿ ನನ್ನ ಅಳತೆ ಪುಸ್ತಕದ ಕ್ರಮದಲ್ಲೇ ಪರೀಕ್ಷಿಸಿದೆ. ಡ್ರೈವರ್ ಅದೇ. RAM ಎರಡೂ ಕಾಣುತ್ತಿವೆ. ಪವರ್ ಮೋಡ್ ಮೇಲಿನದ್ದು. ಶಾಖ ಇರಬೇಕಾದ್ದಕ್ಕಿಂತ ಕಡಿಮೆಯೇ. ಚಾರ್ಜ್ ಆಗುತ್ತಿರುವ ಗುರುತು ಇದೆ. ಪಟ್ಟಿಯಲ್ಲಿದ್ದದ್ದೆಲ್ಲ ಸರಿ. ಚಿತ್ರ ಮಾತ್ರ ಸೆಕೆಂಡಿಗೆ ಐದು.

"ಒಂದು ಸಲ ಆಫ್ ಮಾಡಿ ಆನ್ ಮಾಡ್ತೇನೆ," ಎಂದೆ. ಮಾಡಿದೆ. ಐದು.

"ಆ ಕೌಂಟರ್ ಈಚೆಗೆ ಇಟ್ರೆ ಹೇಗೆ ಕಾಣ್ತದೆ?" ಮಾವ ಕೇಳಿದರು. ಆಕೆ ಕೌಂಟರನ್ನು ಹಿಡಿದು ಎಳೆದಳು. ಕೌಂಟರು ಅಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯೊಳಗೆ ಹೋಗಿ ನಿಂತಿತು. ನಡುವಿನವರಿಗೆ ಫೋನ್ ಬಂತು. ಅವರು ಎದ್ದು ಹೊರಗೆ ಹೋದರು. ಕಿರಿಯವರು ಕೊಚ್ಚಿಯ ಪುಸ್ತಕ ಎತ್ತಿಕೊಂಡು ಪುಟ ತಿರುಗಿಸಿದರು.

"ಸಾಕು ಮಗಳೇ," ಮಾವ ಮೆತ್ತಗೆ ಹೇಳಿದರು. "ನೀನು ಚಂದ ಮಾಡಿದ್ದೀ. ಆದ್ರೆ ಇದು ದೊಡ್ಡ ಕೆಲಸ. ಅವರಿಗೆ ಇದೇ ಉದ್ಯೋಗ. ಅಲ್ವಾ?"

ಆಕೆ ಹೌದು ಎಂದಳು.

ಸಾಮಾನು ಕಟ್ಟುವಾಗ ಸೋಫಾದ ಹಿಂದೆ ಬಗ್ಗಿ ಚಾರ್ಜರ್ ಎಳೆದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಕನ್ನಡಕ ಏರಿಸಿ ಸಣ್ಣ ಅಕ್ಷರ ಓದಿದೆ. ನಲವತ್ತೈದು ವ್ಯಾಟ್. ಈ ಯಂತ್ರಕ್ಕೆ ಅರವತ್ತೈದು ಬೇಕು.

"ಇದರೊಟ್ಟಿಗೆ ಬಂದ ಚಾರ್ಜರ್ ಎಲ್ಲಿ?"

"ಕಪಾಟಿನಲ್ಲಿ ಉಂಟು ಅಂಕಲ್. ಅದು ಗಲ್ಫಿನ ದೊಡ್ಡ ಮೂರು ಪಿನ್ನಿನದ್ದು, ನಮ್ಮ ಪ್ಲಗ್ಗಿಗೆ ಹೋಗುದಿಲ್ಲ. ಕನ್ವರ್ಟರ್ ಹಾಕಿದ್ರೆ ಕಿಡಿ ಬರ್ತದೆ. ಹಾಗೆ ಇಲ್ಲಿ ಒಂದು ಸಣ್ಣದು ತೆಗೆದದ್ದು. ಸ್ಕ್ರೀನಿನಲ್ಲಿ ಸ್ಲೋ ಚಾರ್ಜರ್ ಅಂತ ಎಂತದೋ ಬರ್ತಿತ್ತು, ಪುನಃ ತೋರಿಸಬೇಡ ಅಂತ ಒತ್ತಿದ್ದೆ." ನನ್ನ ಕೈಯಲ್ಲಿದ್ದ ಚಾರ್ಜರ್ ತೋರಿಸಿ ಹೇಳಿದಳು: "ಅದೇ ನಿಮ್ಮತ್ರ ಕೇಳ್ಲಿಕ್ಕೆ ಹೊರಟದ್ದು ಆ ದಿವಸ. ನೀವು ಬ್ಯಾಗಿಗೆ ಹಾಕಿ ಅಂದ್ರಿ."

ಗಲ್ಫಿನಿಂದ ಸಾಮಾನು ಬರುವ ಈ ಊರಿನ ಮನೆಗಳಲ್ಲಿ ಅಂಥ ಚಾರ್ಜರುಗಳು ಕಪಾಟುಗಳಲ್ಲಿ ರಾಶಿ ಬಿದ್ದಿವೆ. ನನಗೆ ಗೊತ್ತಿರದ ವಿಷಯವಲ್ಲ. ಕೀಲಿಗಳ ಮೇಲೆ ಅರಬಿ ಅಕ್ಷರ ಕಂಡಾಗಲೇ ಕೇಳಬೇಕಿತ್ತು. ನಾನು ಬೆಂಚಿನ ಮೇಲೆ ನಾಲ್ಕು ದಿನ ಅಳೆದದ್ದು ನನ್ನ ಚಾರ್ಜರಿನ ಶಕ್ತಿಯನ್ನು. ಅದು ತುಂಬಿಸಿ ಕೊಟ್ಟ ಬ್ಯಾಟರಿಯಲ್ಲಿ ಆಕೆಯ ಬೆಳಗಿನ ಅಭ್ಯಾಸ ನಡೆಯಿತು. ಉಳಿದದ್ದರಲ್ಲಿ ನಾಲ್ಕು ನಿಮಿಷ. ಆಮೇಲೆ ಯಂತ್ರ ಆ ಸಣ್ಣ ಚಾರ್ಜರ್ ಕೊಟ್ಟಷ್ಟರಲ್ಲೇ ಬದುಕಬೇಕಾಗಿ ತನ್ನ ಕೈಕಾಲು ಮಡಚಿಕೊಂಡಿತು. ಮನೆಯಲ್ಲಿ ನಾಲ್ಕು, ಐದು ಬರುತ್ತದೆ ಎಂದು ಆಕೆ ಹೇಳಿದ್ದು ನಿಜವಾಗಿತ್ತು.

ಮಾವ ವರಾಂಡದಲ್ಲಿ ಚಪ್ಪಲಿ ಹಾಕುತ್ತಿದ್ದರು. ಹೋಗಿ ನಿಂತೆ.

"ಹಾಜಿಯವರೇ, ತಪ್ಪು ನನ್ನದು. ನಾನು ಚಾರ್ಜರ್ ಪರೀಕ್ಷೆ ಮಾಡ್ಲಿಲ್ಲ. ಅವರ ಕೆಲಸದಲ್ಲಿ ಎಂತ ದೋಷವೂ ಇಲ್ಲ. ಅರ್ಧ ಗಂಟೆ ಕೊಡಿ, ಅಂಗಡಿಯಿಂದ ಬೇರೆ ತರ್ತೇನೆ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಸಾಹೇಬ್ರೆ, ಹೆಣ್ಣುಮಗಳ ಮರ್ಯಾದೆ ಉಳಿಸ್ಲಿಕ್ಕೆ ನೀವು ತಪ್ಪು ನಿಮ್ಮ ಮೇಲೆ ಹಾಕಿಕೊಳ್ತೀರಿ. ಅದು ನಿಮ್ಮ ದೊಡ್ಡತನ. ಚಾರ್ಜರಿಗೂ ಅಂಗಡಿಯ ಡಿಸೈನಿಗೂ ಎಂತ ಸಂಬಂಧ? ಅಸರ್ ನಮಾಜಿಗೆ ಹೊತ್ತಾಯ್ತು, ಬರ್ತೇನೆ."

ನಿಜ ಹೇಳಿದರೂ ಅದು ಅವರಿಗೆ ದಯೆಯಾಗಿ ಕೇಳಿಸಿತು. ವಾದಿಸಿದಷ್ಟೂ ಆಕೆಯ ಸೋಲು ದೊಡ್ಡದಾಗುತ್ತಿತ್ತು. ಅವರಿಗೆ ದಾರಿ ಬಿಟ್ಟೆ.

ಮರುದಿನ ಸರಿಯಾದ ಚಾರ್ಜರ್ ತೆಗೆದುಕೊಂಡು ಹೋಗಿ ಕೊಟ್ಟೆ. ಸಿಕ್ಕಿಸಿ, ನಲವತ್ತು ಸೆಕೆಂಡಿನ ಆ ದಾರಿಯನ್ನು ಓಡಿಸಿದೆ. ಮೂವತ್ತೊಂದು. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತು ಕನ್ನಡಿಗಳ ಸಾಲಿನವರೆಗೂ ನೋಡಿದಳು. ಆಮೇಲೆ ಮುಚ್ಚಳ ಮುಚ್ಚಿದಳು.

"ಈಗ ಚಂದ ಉಂಟು," ಎಂದಳು. "ಅಂಕಲ್, ಚಾ ಕುಡೀತೀರಾ?"

ಬೇಡ ಎನ್ನಲು ಆಗಲಿಲ್ಲ. ಕುಡಿದೆ.

ಮಳಿಗೆ ತೆರೆದ ದಿನ ನನಗೂ ಕರೆಯೋಲೆ ಬಂತು. ಕೊಚ್ಚಿಯವರು ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಾರೆ, ಇಲ್ಲ ಎನ್ನುವುದಕ್ಕೆ ಆಗುವುದಿಲ್ಲ. ನೆಲ ಹೊಳೆಯುತ್ತದೆ, ದೀಪಗಳು ಸರಿಯಾದ ಜಾಗದಲ್ಲಿವೆ. ಗಲ್ಲಿಯ ಕಡೆ ಗೋಡೆ. ಹೆಂಗಸರ ವಿಭಾಗ ಮೇಲೆ. ಆಕೆಗೂ ಒಂದು ಹುದ್ದೆ ಕೊಟ್ಟಿದ್ದರು. ಲೇಡೀಸ್ ಸೆಕ್ಷನ್ ಇನ್‌ಚಾರ್ಜ್ ಎಂಬ ಬಿಲ್ಲೆ ಎದೆಯ ಮೇಲಿತ್ತು. ಮೆಟ್ಟಿಲ ಬುಡದಲ್ಲಿ ನಿಂತು, ವಯಸ್ಸಾದವರು ಬಂದಾಗ ಕೈ ಹಿಡಿದು ಹತ್ತಿಸುತ್ತಿದ್ದಳು.

ನಾನು ನೋಡುತ್ತಿರುವಾಗ ಒಬ್ಬ ಅಜ್ಜಿ ಅರ್ಧ ಹತ್ತಿ ಕಂಬಿ ಹಿಡಿದು ನಿಂತರು. ಉಸಿರು ತಿರುಗಿದ ಮೇಲೆ ಆಕೆಯನ್ನು ಇಲ್ಲಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಕೇಳಿದರು. ನನಗೆ ಆ ಭಾಷೆ ಅರ್ಥವಾಗುತ್ತದೆ.

"ಈ ಮನೆಯ ಸೊಸೆ ಡಿಸೈನ್ ಕಲಿತವಳು ಅಂತ ಹೇಳ್ತಾರೆ, ನೀನೇ ಅಲ್ವಾ? ಇಷ್ಟೆಲ್ಲ ಮಾಡುವಾಗ ನಮ್ಮಂಥವರ ಕಾಲು ನಿನಗೆ ನೆನಪಾಗ್ಲಿಲ್ವಾ?"

ಆಕೆ ಅವರ ಮೊಣಕೈಯ ಕೆಳಗೆ ಕೈ ಕೊಟ್ಟಳು.

"ನಿಧಾನ ಬನ್ನಿ," ಎಂದಳು. "ಇನ್ನು ಆರೇ ಉಂಟು."